ಹೂಡಿ ನೋಡಿ ತಂದ ವಾಚ್

ನಾ ವಾಚ್ ನೀರಿನ ಗಿಲಾಸಿನ್ಯಾಗ ಬಿಟ್ಟ ಕೂಡ್ಲೇ ಅಂಗಡ್ಯಾಂವ ಎದ್ದ ನಿಂತಾ.

"ಏ ಪಾವ್ಣ್ಯಾ, ಏನ ಮಾಡಾಕತ್ತಿ?"

"ಒಳಗ ನೀರ ಹೋಗಾಂಗಿಲ್ಲ ಅಂದ್ರೆಲ್ಲಾ?"

"ಅಂದ್ನಿ ಖರೆ. ಮಂದಿ ನಂಬ್ತಾರಪ್ಪಾ, ಯಾರೂ ಮುಳುಗ್ಸಿ ನೋಡಾಂಗಿಲ್ಲ!"

ನಿಪ್ಪಾಣಿ ಪ್ಯಾಟ್ಯಾಗ ನಡದ ಮಾತಿದು. ನಾಕೈದ ವರ್ಷ ಆತು. ಮೊನ್ನೆ ಮಂಗಳವಾರ ಅದ ವಾಚ್ ಮತ್ತ ಕೈಯಾಗ ಹಿಡದ್ನಿ, ಅದಕ್ಕ ಹೇಳಾಕತ್ತೇನಿ.

ನಮ್ಮ ಬೇಡಕಿಹಾಳದ ಶೀತಲ ವಿಮಾನ ನಡಸೂದ ಕಲ್ತ ಪಾಸಾಗಿದ್ದ, ನೌಕರಿನೂ ಸಿಕ್ಕಿತ್ತ. ಸಾಲ್ಯಾಗ ಏಳನೇತ್ತೆ ತನಕಾ ಅವ ನಾ ಒಂದ ಬೆಂಚ. ಆಮ್ಯಾಲ ಅವ ಮುಂದ ಹೋದ, ನಾ ಏಳನೇತ್ತ್ಯಾಗ ಎರಡ ಸಲ ಕುಂತ ಎದ್ದ ಬಂದ್ನಿ. ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡಿತೇನಿ. ಅವ್ರ ಮನ್ಯಾಗ ಒಂದ ಗಾಜಿನ ಕಪಾಟ ಐತ್ರಿ. ಬೆಳ್ಳಿ ತಾಟ, ಶಾಲು, ಗೊಂಬಿ, ಯಾರ ಏನ ಉಡುಗರಿ ಕೊಟ್ರೂ ಅದ್ರಾಗ ಹೋಗಿ ಕುಂದರತೈತಿ. ನಾ ಕೊಟ್ಟಿದ್ದ ಅಲ್ಲಿ ಕುಂದರಬಾರ್ದು, ಶೀತಲನ ಕೈಮ್ಯಾಲ ಇರಬೇಕು. ಅದೊಂದ ನನ್ನ ಹಟ. ಕಿಸೆದಾಗ ಇದ್ದದ್ದ ಮುನ್ನೂರ ರೂಪಾಯಿ.

ಪೈಲಟ್‌ಗ ಅಂದ ಕೂಡ್ಲೇ ಅಂಗಡ್ಯಾಂವ ಹೊಟ್ಟಿ ತುಂಬ ಮುಳ್ಳಿರೂ ವಾಚ್ ತಗದ.

"ಇಷ್ಟ ಮುಳ್ಳ ಯಾಕ್ರಿ?"

"ಶೋಕಿ."

"ವಿಮಾನದಾಗ ಅವನ ಮುಂದ ಐವತ್ತ ಮೀಟರ್ ಇರತಾವ. ಕೈಮ್ಯಾಲ ಮತ್ಯಾಕ? ಮೂರ ಮುಳ್ಳಿಂದ ಕೊಡ್ರಿ. ಅಂಕಿ ದೊಡ್ಡವ ಇರಲಿ."

ಬಿಳಿ ಮಾರಿ, ಕರೆ ಅಂಕಿ, ಸಾದಾ ವಾಚ್. ಗಿಲಾಸಿನ್ಯಾಗ ಮುಳುಗ್ಸಿದ್ದ ಅದನ್ನ, ಒಳಗ ನೀರ ಹೋಗ್ಲಿಲ್ಲ. ಅಷ್ಟಕ್ಕ ನನಗ ಸಮಾಧಾನ ಆಗ್ಲಿಲ್ಲ. ನಮ್ಮ ಕಡೆ ಎತ್ತ ತಗೊಂಡ್ರ ಹಲ್ಲ ನೋಡಿ ಬಿಡಾಂಗಿಲ್ರಿ. ಮನಿಗೆ ತಂದ ಎಂಟ ದಿನ ನೇಗಿಲಿಗೆ ಹೂಡಿ ನೋಡ್ತೀವಿ. ಗಳೇದಾಗ ಕುಂತ್ರ ತಿರುಗಿ ಕೊಟ್ಟ ಬರೂದು. ಅಂಗಡ್ಯಾಂವಗೂ ಅದನ್ನ ಅಂದ್ನಿ.

"ಇದೇನ ಎತ್ತೇನಲೇ?"

"ಎತ್ತ ನೆಲದ ಮ್ಯಾಲ ಇರತೈತ್ರಿ. ಇದು ಮ್ಯಾಲ ಹೋಗೂದ."

ಅವ ನಕ್ಕ ಹೂಂ ಅಂದಾ.

ಎಂಟ ದಿನ ಕೈಗೆ ಕಟಗೊಂಡ ಕಬ್ಬ ಹೇರಿದ್ನಿ. ಭೋಜದ ಕಡೆ ರಸ್ತೆ ಆಗ ರಸ್ತೆ ಇರ್ಲಿಲ್ಲ, ಬರೇ ಕುಣಿ. ಟ್ರಾಲಿ ಜಿಗದಾಗೊಮ್ಮೆ ವಾಚ್ ನೋಡೂದು, ಸಣ್ಣ ಮುಳ್ಳ ಕಾಣತೈತೋ ಇಲ್ಲೋ. ಮುಂಜಾನೆ ರೇಡಿಯೋ ಕೂಡ ಹಚ್ಚಿ ನೋಡೂದು. ಕಬ್ಬ ಕಡಿಯೂ ಮಂದಿ "ಏ ಪೈಲಟ್, ವಿಮಾನ ಹಿಂದಕ್ಕ ತಗೊ" ಅಂತ ಚೀರತಿದ್ರು. ಒಂದ ಮಿನಿಟ ಹಿಂದ ಬೀಳ್ಲಿಲ್ಲ ನೋಡ್ರಿ ಅದು.

ಒಯ್ದ ಕೊಟ್ನಿ. ಶೀತಲ ತಿರಗ್ಯಾಡ್ಸಿ ನೋಡಿದಾ.

"ಲೇ, ಗಾಜಿನ ಮ್ಯಾಲ ಗೆರಿ ಐತೆಲ್ಲೋ. ಹೊಸಾದೇನ ಇದು?"

"ಹೊಸಾದ. ಎಂಟ ದಿನ ಹೂಡೇನಿ."

ಅವ ಹೊಟ್ಟಿ ಹಿಡಕೊಂಡ ನಕ್ಕ. "ವಿಮಾನಾನೂ ಹಂಗಲೇ. ಮದ್ಲ ಖಾಲಿ ಹಾರ್ಸಿ ನೋಡ್ತಾರ, ಆಮ್ಯಾಲ ಮಂದೀನ ಕುಂಡರಸ್ತಾರ."

ಅಷ್ಟೊತ್ತಿಗೆ ಅವ್ರವ್ವ, ನಾವು ಕಾಕು ಅಂತೀವಿ, ಬಂದ ಬಗ್ಗಿ ನೋಡಿ ಕೈ ಹಿಂದಕ್ಕ ತಗೊಂಡ್ರು. "ಪಟ್ಟಾ ಚರ್ಮದ್ದೇನೋ ತಮ್ಮಾ?"

ಆಗ ನನಗ ನೆನಪಾತ್ರಿ. ಅವ್ರು ಜೈನರು. ಸಣ್ಣಾಂವ ಇದ್ದಾಗ ಶೀತಲ ಬಸದಿ ಒಳಗ ಹೋಗುಮುಂದ ಚರ್ಮದ ಬೆಲ್ಟ್ ಬಿಚ್ಚಿ ನನ್ನ ಕೈಯಾಗ ಕೊಡತಿದ್ದ, ಹೊರಗ ನಾ ಹಿಡಕೊಂಡ ನಿಂದರತಿದ್ನಿ. ನೀರ ನೋಡಿದ್ನಿ, ಕುಣಿ ನೋಡಿದ್ನಿ, ಎತ್ತಿನ ಮಾತ ಆಡಿದ್ನಿ, ಆದ್ರ ಎಂಟ ದಿನ ಕೈಗೆ ಸುತ್ತಿದ ಚರ್ಮ ಮಾತ್ರ ನನ್ನ ಕಣ್ಣಿಗೆ ಬೀಳ್ಲಿಲ್ಲ.

ಕಾಕು ಬೈಲಿಲ್ಲ. ಮಂಚಕ್ಕ ಹೆಣಿಯೂ ನೂಲಿನ ಪಟ್ಟಿ, ನವಾರ, ಉಳದಿತ್ತ, ಅದನ್ನ ಸಣ್ಣಗ ಕತ್ತರಿಸಿ, ಮಡಚಿ, ಎರಡೆರಡ ಹೊಲಿಗಿ ಹಾಕಿದ್ರು. ಶೀತಲ ಚರ್ಮ ಕಿತ್ತ ನನ್ನ ಕಡೆ ಒಗದ, ನವಾರ ಪೋಣಿಸಿದ, ಕಟಗೊಂಡ. ಮರದಿನ ಹಂಗ ಬಸ್ ಹತ್ತಿದ. ನಾ ಗೆದ್ದೆ ಅಂದಕೊಂಡ್ನಿ.

ಈ ಸಲ ಊರಿಗೆ ಬಂದಾಗ ನೋಡ್ತೇನಿ, ಅವನ ಕೈಮ್ಯಾಲ ಬ್ಯಾರೆ ವಾಚ್. ದಪ್ಪಂದು, ಹೊಟ್ಟಿ ತುಂಬ ಮುಳ್ಳಿಂದು. ನಾ ಕೇಳಲಿಲ್ಲ. ಅವ ಹೋದ ಮ್ಯಾಲ ಸಿಟ್ಟ ತಡೀಲಿಲ್ಲ. ಮಂಗಳವಾರ ಸಂಜಿಮುಂದ ಸೀದಾ ಕಾಕು ಮನಿಗೆ ಹೋಗಿ ಕಪಾಟ ನೋಡಿದ್ನಿ. ಅಲ್ಲೂ ಇಲ್ಲ.

"ಕಾಕು, ನಾ ಕೊಟ್ಟ ವಾಚ್ ಎಲ್ಲೈತ್ರಿ? ಅವ ಕಟ್ಟಾಂಗಿಲ್ಲಂದ್ರ ನನಗ ಕೊಡ್ರಿ."

ಕಾಕು ಸೆರಗ ಸರಿಸಿ ಕೈ ಮುಂದ ಮಾಡಿದ್ರು. ಮುಂಗೈ ಮ್ಯಾಲ ಅದ ಇತ್ತ.

"ನಾನ ಬೇಡಿ ಇಟಗೊಂಡೇನಪ್ಪಾ. ಮಂಗಳವಾರ ಅವ ಮೂರೂವರಿಗೆ ವಿಮಾನ ಏರ್ತಾನ, ಆರಕ್ಕ ಇಳಿತಾನ. ಇಳದಾ ಅಂದ್ರ ಊಟಕ್ಕ ಕುಂದರತೇನಿ."

"ಹೊತ್ತ ಮುಳಗಿದ್ರ ನೀವು ಉಣ್ಣಾಂಗಿಲ್ಲಲ್ರಿ?"

"ಬ್ಯಾಸಗ್ಯಾಗ ನಡಿತೈತಿ. ಈ ಚಳಿಗಾಲದಾಗ ಅವ ಇಳಿಯೂದೂ ಹೊತ್ತ ಮುಳಗೂದೂ ಕೂಡೇ. ಒಂದ ದಿನ ಉಪಾಸ ಇದ್ರ ಏನ ಆಗತೈತಿ ಬಿಡ."

ಹೊರಗ ಕಬ್ಬಿನ ಮ್ಯಾಲ ಬಿಸಲ ಇನ್ನೂ ಇತ್ತ. ವಾಚ್ ನೋಡಿದ್ನಿ. ಐದೂ ಮುಕ್ಕಾಲ.

"ಕೊಡ್ರಿಲ್ಲೆ ಕಾಕು. ಇದು ಕಾಲ ತಾಸ ಹಿಂದ ಬಿದ್ದೈತಿ." ಅಂದವನೇ ಮುಳ್ಳ ತಿರುವಿ ಆರಕ್ಕ ತಂದ ಇಟ್ನಿ. "ಇಳದಾನ. ಉಣ್ರಿ."

ಕಾಕು ನನ್ನ ಮಾರಿ ನೋಡಿದ್ರು. "ಒಂದ ಮಿನಿಟ ಹಿಂದ ಬೀಳಾಂಗಿಲ್ಲ, ನೋಡಿ ತಂದೇನಿ ಅಂತ ಊರೆಲ್ಲಾ ಹೇಳಿದ್ದ್ಯಲ್ಲೋ?"

"ಮೋಸ ಹೋಗೇನ್ರಿ ಕಾಕು. ಸಸ್ತಾ ಮಾಲ."

ಕಾಕು ಎದ್ದ ತಾಟ ಹಾಕ್ಕೊಂಡ್ರು. ನನಗೂ ಒಂದ ರೊಟ್ಟಿ ಕೊಟ್ರು, ತಿಂದ್ನಿ.

ಇಷ್ಟ ನೋಡ್ರಿ. ಮುಂದ ಹೇಳೂದ ಏನಿಲ್ಲ.