ಸಾಬರ ಕೆಂಪು ಬಟ್ಟೆ

ಕೊತ್ತಗೆರೆಯ ರುದ್ರಪ್ಪನವರ ಬಂದೂಕಿಗೆ ಕೆಂಪು ಬಟ್ಟೆ ಕಟ್ಟಿದ್ದು ಬಶೀರ್ ಸಾಬರಲ್ಲ. ನಾನು. ಅವರು ಕಟ್ಟಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ, ಅವರದೇ ಡಬ್ಬಿಯಿಂದ ಕೆಂಪು ಚೂರೊಂದನ್ನು ತೆಗೆದು, ಅವರು ಹಾಕುವಂತೆಯೇ ಎರಡು ಗಂಟು ಹಾಕಿದೆ. ಒಂಬತ್ತು ವರ್ಷವಾಯಿತು. ಅಂದಿನಿಂದ ಗುಬ್ಬಿ, ಕುಣಿಗಲ್ ಕಡೆಯವರು ಆ ಮನುಷ್ಯನನ್ನು ಕಳ್ಳನೆಂದರು, ಕನಿಕರವಿದ್ದವರು ಕುರುಡನೆಂದರು — ನಾನು ಶೆಟ್ಟಿಹಳ್ಳಿಯ ನನ್ನ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಬಶೀರ್ ಸಾಬರನ್ನು ಅರಿಯದವರಿಗೆ ಹೇಳಬೇಕು. ಗುಬ್ಬಿಯಲ್ಲಿ ಅವರದೊಂದು ಪುಟ್ಟ ಬಂದೂಕು ರಿಪೇರಿ ಅಂಗಡಿ, ಸರ್ಕಾರದ ಲೈಸೆನ್ಸ್ ಪಡೆದದ್ದು. ಆಯುಧಪೂಜೆ ಹತ್ತಿರ ಬಂತೆಂದರೆ ಸುತ್ತಲಿನ ಹಳ್ಳಿಗಳ ಬಂದೂಕುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಸಾಬರು ಬಿಚ್ಚಿ, ಎಣ್ಣೆ ಹಾಕಿ, ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ, ಟ್ರಿಗರ್ ಹತ್ತಿರ ಒಂದು ಚೂರು ಬಟ್ಟೆ ಕಟ್ಟುತ್ತಿದ್ದರು. ಬಿಳಿ ಇದ್ದರೆ ಹಾರಿಸಬಹುದು. ಕೆಂಪು ಇದ್ದರೆ ಮುಟ್ಟಬಾರದು, ಕೈಯಲ್ಲೇ ಸಿಡಿಯುತ್ತದೆ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಸಾಬರಿಗೆ ಅವಮಾನ ಮಾಡಿದಂತೆ. ಆ ಬಿಳಿ ಬಟ್ಟೆಗೇ ಕುಂಕುಮ ಇಟ್ಟು ಪೂಜೆ ಮಾಡುವ ಮನೆಗಳಿದ್ದವು.

ನಾನು ವಕೀಲ. ಹಳೆಯ ಲಿವರ್ ರೈಫಲ್‌ಗಳ ಹುಚ್ಚು ನನಗೆ ಯಾವಾಗ ಹಿಡಿಯಿತೋ — ಹಿಡಿಯ ಕೆಳಗಿನ ಉಕ್ಕಿನ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದಲ್ಲ, ಆ ಶಿಕಾರಿ ಬಂದೂಕುಗಳು. ನಮ್ಮ ದೇಶದಲ್ಲಿ ಇದು ಬಡಪಾಯಿಯ ಹುಚ್ಚು. ಒಂದು ಲೈಸೆನ್ಸಿಗೆ ಇಂತಿಷ್ಟೇ ಎಂದು ಕಾನೂನು ಕಟ್ಟಿಹಾಕುತ್ತದೆ. ಹೊಸದೊಂದು ಬೇಕಾದರೆ ಇರುವುದೊಂದನ್ನು ಬಿಡಬೇಕು. ಹಾಗಾಗಿ ನನ್ನ ಸಂಗ್ರಹವೆಂದರೆ ಬೀರುವಿನಲ್ಲಿ ಎರಡು ಬಂದೂಕು, ಮನಸ್ಸಿನಲ್ಲಿ ಇನ್ನೂರು. ಪ್ರತಿ ಶುಕ್ರವಾರ ಕೋರ್ಟಿಗೆ ಚಕ್ಕರ್ ಹಾಕಿ ಸಾಬರ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದೆ. ನನಗೆ ಬಂದೂಕಿನ ಬಗ್ಗೆ ಗೊತ್ತಿರುವುದೆಲ್ಲ ಅವರು ಕಲಿಸಿದ್ದು.

ಅಲ್ಲಿಗೆ ಒಂದು ಆಯುಧಪೂಜೆಗೆ ಮುಂಚೆ ರುದ್ರಪ್ಪನವರ ರೈಫಲ್ ಬಂತು. ಎಂಟು ಮೂಲೆಯ ನಳಿಕೆ, ಲಿವರ್‌ನ ಮೇಲೆ ಬಳ್ಳಿಯ ಕೆತ್ತನೆ, ಬೆವರು ಕುಡಿದು ಕಪ್ಪಾದ ಮರದ ಹಿಡಿ. ಕುಣಿಗಲ್ ಕುದುರೆ ಫಾರಂನಲ್ಲಿದ್ದ ಯಾರೋ ಬಿಳಿಯ ದೊರೆ ಅವರ ಅಜ್ಜನಿಗೆ ಕೊಟ್ಟು ಹೋದದ್ದಂತೆ. ಅದನ್ನು ಒಬ್ಬಳೇ ಮಗಳು ಮಂಜುಳಳ ಹೆಸರಿಗೆ ಮಾಡಿಸುವ ಅರ್ಜಿಯನ್ನು ರುದ್ರಪ್ಪನವರು ನನ್ನ ಕೈಯಲ್ಲೇ ಬರೆಸಿದ್ದರು. ತೋಟ ನೋಡಿಕೊಳ್ಳುವವಳು ಅವಳೇ. ಆ ಅರ್ಜಿ ನನ್ನ ಚೀಲದಲ್ಲಿತ್ತು. ನನ್ನ ಕಣ್ಣು ಮಾತ್ರ ಬಂದೂಕಿನ ಮೇಲಿತ್ತು.

ಅಂದು ಶುಕ್ರವಾರ. ಮಧ್ಯಾಹ್ನದ ನಮಾಜಿಗೆ ಹೊರಟ ಸಾಬರು, "ಲಾಯರ್ ಸಾಬ್, ಒಸಿ ಕೂತಿರಿ, ಬಂದ್ಬುಡ್ತೀನಿ. ರುದ್ರಪ್ಪಣ್ಣ ಬಂದ್ರೆ ಅವ್ರುದ್ದು ರೆಡಿ ಐತೆ, ಕೊಡಿ," ಎಂದರು. ಬಿಳಿ ಬಟ್ಟೆ ಕಟ್ಟಿಯಾಗಿತ್ತು. ಅವರು ಬೀದಿ ತಿರುಗಿದ್ದೇ ತಡ — ಯೋಚಿಸಿದೆನೇ? ಯೋಚಿಸಿದೆ. ಯೋಚಿಸಿಯೇ ಮಾಡಿದೆ.

ರುದ್ರಪ್ಪನವರು ಬಂದರು. ಕೆಂಪು ನೋಡಿ ಅವರ ಮುಖ ಬಾಡಿತು. "ಸಾಬ್ರೇ ಕಟ್ಟಿದ್ರಾ?"

"ಅವ್ರೇ ಕಟ್ಟಿದ್ದು. ನಳಿಕೆ ಒಳಗೆ ಬಿರುಕು ಬಿಟ್ಟಿದೆಯಂತೆ."

"ಮಗೀಗೆ ಕೊಡಾನಾ ಅಂತಿದ್ದೆ... ಬುಡಿ, ಅದರ ಕೈ ಹೋಗೋದು ಬ್ಯಾಡ. ಏನ್ ಮಾಡಾದು ಇದನ್ನ?"

ಗೋಡೆಗೆ ನೇತು ಹಾಕಿಕೊಳ್ಳುತ್ತೇನೆ, ನನ್ನ ಹೆಸರಿಗೆ ಕೊಡಿ ಎಂದೆ. ಉಪಕಾರ ಮಾಡುವವನ ದನಿಯಲ್ಲಿ ಎಂದೆ. ಅವರು ಕೈ ಮುಗಿದರು. ಬಸ್ಸು ತಪ್ಪುತ್ತದೆ ಎಂದು, ಸಾಬರು ಬರುವ ಮೊದಲೇ ಬಂದೂಕಿನ ಸಮೇತ ಅವರನ್ನು ಸಾಗಹಾಕಿದೆ.

ನನ್ನ ಎರಡರಲ್ಲಿ ಒಂದನ್ನು ಬಿಟ್ಟು ಅದಕ್ಕೆ ಜಾಗ ಮಾಡಿದೆ. ಅನುಮತಿ ಬಂತು, ತುಮಕೂರಿನ ಡೀಲರ್ ಅಂಗಡಿಯಲ್ಲಿ ಕೈ ಬದಲಾಯಿತು. ಆದರೆ ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ನನಗೆ ಆ ನೆವವೂ ಉಳಿಯಲಿಲ್ಲ. ಡೀಲರ್ ಇಬ್ಬರಿಗೂ ಕೊಟ್ಟ ಕಾಗದದಲ್ಲಿ ಬಂದೂಕು ಸುಸ್ಥಿತಿಯಲ್ಲಿದೆ ಎಂದು ಬರೆದಿತ್ತು. ರುದ್ರಪ್ಪನವರು ಅದನ್ನು ಓದಲಿಲ್ಲ. ಮಂಜುಳ ಓದಿದಳು.

ಅವಳು ನೇರ ಗುಬ್ಬಿಗೆ ಬಂದಳು. ನಾನು ಅಲ್ಲೇ ಇದ್ದೆ. ಬೀದಿಯ ಜನವೆಲ್ಲ ಸೇರುವಂತೆ ಕೂಗಿದಳು: "ನೆಟ್ಟಗಿರೋ ಬಂದೂಕಿಗೆ ಕೆಂಪು ಕಟ್ಟಿ ಈ ಲಾಯರ್‌ಗೆ ಕೊಡಿಸಿದ್ರಲ್ಲ ಸಾಬ್ರೇ, ನಿಮ್ಮನ್ನ ದೇವ್ರಂಗೆ ನಂಬಿದ್ವಲ್ಲಾ!"

ಸಾಬರು ನನ್ನ ಕಡೆ ಒಮ್ಮೆ ನೋಡಿದರು. ಒಂದೇ ಸಲ. ಎಲ್ಲ ಗೊತ್ತಾಯಿತು ಅವರಿಗೆ. ನಾನು ಬಾಯಿ ತೆರೆಯಲಿ ಎಂದು ಕಾದರು ಎಂದು ಈಗ ಅನಿಸುತ್ತದೆ. ನಾನು ತೆರೆದದ್ದು, "ಕಾಗದ ಆಗಿಹೋಗಿದೆಯಮ್ಮ, ಇನ್ನೇನೂ ಮಾಡಕ್ಕಾಗಲ್ಲ," ಎನ್ನುವುದಕ್ಕೆ.

ಸಾಬರು ತಲೆ ತಗ್ಗಿಸಿ ಹೇಳಿದರು: "ನನ್ ಕಣ್ಣು ತಪ್ಪಿರ್ಬೇಕು, ತಾಯಿ."

ಯಾಕೆ ಹಾಗೆಂದರು? ವಕೀಲನ ಮಾತಿನ ಎದುರು ತನ್ನ ಮಾತು ನಿಲ್ಲುವುದಿಲ್ಲ ಎಂದೇ? ಊರವರ ಬಂದೂಕನ್ನು ನನ್ನ ಕೈಗೆ ಬಿಟ್ಟು ಹೋದದ್ದು ತನ್ನದೇ ತಪ್ಪು ಎಂದೇ? ಕೇಳಲು ನನಗೆ ಮುಖವಿರಲಿಲ್ಲ. ಜನ ಚದುರಿದ ಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ, "ಇನ್ಮೇಲೆ ಶುಕ್ರವಾರ ಬರ್ಬ್ಯಾಡಿ ಲಾಯರ್ ಸಾಬ್," ಎಂದರು. ಅಷ್ಟೇ.

ಕಣ್ಣು ತಪ್ಪುವ ಸಾಬರ ಬಟ್ಟೆಯನ್ನು ಯಾರು ನಂಬುತ್ತಾರೆ? ಮುಂದಿನ ಆಯುಧಪೂಜೆಗೆ ಅವರ ಅಂಗಡಿಗೆ ಮೂರೋ ನಾಲ್ಕೋ ಬಂದೂಕು ಬಂದವಂತೆ. ಅದರ ಮುಂದಿನದಕ್ಕೆ ಅಂಗಡಿಯೇ ಇರಲಿಲ್ಲ. ಹಿರೇಹಳ್ಳಿಯಲ್ಲಿ ಮಗಳ ಮನೆ ಸೇರಿ, ಯಾವುದೋ ಫ್ಯಾಕ್ಟರಿಯ ಗೇಟಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ನಾನು ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ. ರೈಫಲ್? ಬೀರುವಿನಲ್ಲಿತ್ತು. ಬಂದವರಿಗೆಲ್ಲ ತೋರಿಸುತ್ತಿದ್ದೆ — ಹೌದು, ಹೆಮ್ಮೆಯಿಂದಲೇ. ನಾಚಿಕೆ ಬಂದದ್ದು ಬಹಳ ತಡವಾಗಿ.

ಹೋದ ವರ್ಷ ರುದ್ರಪ್ಪನವರು ತೀರಿಕೊಂಡರು. ತಿಂಗಳು ಕಳೆದ ಮೇಲೆ ಕೊತ್ತಗೆರೆಗೆ ಹೋಗಿ ಮಂಜುಳಳಿಗೆ ಎಲ್ಲ ಹೇಳಿದೆ. ಬಂದೂಕನ್ನು ಅವಳ ಹೆಸರಿಗೆ ಮಾಡಿಸಿಕೊಡುತ್ತೇನೆ ಎಂದೆ. ಅವಳು ಕೂಗಲಿಲ್ಲ. "ನಮ್ಮಪ್ಪ ಸಾಯೋಗಂಟ ಆ ಸಾಬ್ರನ್ನ ಬೈಕೊಂಡೇ ಹೋಯ್ತು. ಅದನ್ನ ಎಲ್ಲಿಂದ ವಾಪಸ್ ತರ್ತೀರಾ? ಸಾಬ್ರು ಕೈಯಾರೆ ಬಿಳಿ ಬಟ್ಟೆ ಕಟ್ಟಿ ಕೊಟ್ರೆ ತಗೋತೀನಿ. ಇಲ್ದಿದ್ರೆ ನೀವೇ ಮಡಿಕ್ಕೊಳಿ," ಎಂದಳು.

ಬಂದೂಕು ತೆಗೆದುಕೊಂಡು ಹಿರೇಹಳ್ಳಿಗೆ ಹೋದೆ. ಸಾಬರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. ಬಂದೂಕನ್ನು ಮಾತ್ರ ಕೈಗೆ ತೆಗೆದುಕೊಂಡರು. ಖಾಲಿ ಇದೆಯೇ ಎಂದು ಬೆರಳಿನಿಂದಲೇ ನೋಡಿ, ಲಿವರ್ ಒಮ್ಮೆ ಎಳೆದು ಬಿಟ್ಟು, ಸದ್ದಿಗೆ ಕಿವಿಗೊಟ್ಟರು. ಬಾಗಿಲ ಬೆಳಕಿಗೆ ನಳಿಕೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಬಿಳಿ ಬಟ್ಟೆಯ ಚೂರನ್ನು ಮುಂದೆ ಹಿಡಿದೆ.

"ಈಗ ನಿಜ್ವಾಗ್ಲೂ ಕಾಣಕಿಲ್ಲ ಲಾಯರ್ ಸಾಬ್," ಎಂದರು. "ಕಾಣ್ದೆ ನಾನು ಬಿಳಿ ಕಟ್ಟಲ್ಲ."

ಬಂದೂಕನ್ನು ಈಗ ಡೀಲರ್ ಅಂಗಡಿಯಲ್ಲಿ ಇಟ್ಟಿದ್ದೇನೆ. ನನ್ನ ಲೈಸೆನ್ಸನ್ನೂ ಒಪ್ಪಿಸಿದ್ದೇನೆ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ ಎಂಬುದೂ ಗೊತ್ತು. ಗುಬ್ಬಿ, ಕುಣಿಗಲ್ ಕಡೆ ಬಂದೂಕು ಇಟ್ಟುಕೊಂಡ ಮನೆಯವರು ಇದನ್ನು ಓದಲಿ ಎಂದೇ ಬರೆದಿದ್ದೇನೆ. ನನ್ನನ್ನು ಏನು ಬೇಕಾದರೂ ಅನ್ನಿ. ಬಶೀರ್ ಸಾಬರು ಮಾತ್ರ ಯಾವತ್ತೂ, ಯಾರ ಬಂದೂಕಿಗೂ, ನೋಡದೆ ಬಟ್ಟೆ ಕಟ್ಟಿದವರಲ್ಲ.