ಎಡಮಗ್ಗುಲಿನ ಏಳು ಕಲ್ಲು

ಆಷಾಢದ ಗಾಳಿ ಶುರುವಾಯಿತೆಂದರೆ, ಭದ್ರಾವತಿಯಲ್ಲಿ ಇದ್ದಿಲು ಇಳಿಸಿ ಶಿವಮೊಗ್ಗಕ್ಕೆ ಖಾಲಿ ಮರಳುವ ಲಾರಿಗಳಲ್ಲಿ ಏಳು ಕಲ್ಲುಗಳು ಕೂರುತ್ತಿದ್ದವು. ನಿಜವಾದ ಕಲ್ಲಲ್ಲ, ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಿಟ್ಟದ ಗಟ್ಟಿಗಳು. ಒಂದನ್ನು ಎತ್ತಲು ಮೂವರು ಬೇಕು. ಅವಕ್ಕೆ ವಿಭೂತಿ ಬಳಿದು, ಊದುಬತ್ತಿ ತೋರಿಸಿ, ಆಮೇಲೆಯೇ ಡ್ರೈವರುಗಳು ಹೊರಡುತ್ತಿದ್ದರು. ಗಾಳಿಕಲ್ಲು ಎಂದು ಹೆಸರು. ನನ್ನ ಅಣ್ಣನೂ ಹಾಗೆಯೇ ಮಾಡುತ್ತಿದ್ದ. ಅವನು ಲಾರಿ ಓಡಿಸುತ್ತಿದ್ದುದರಿಂದಲೇ ನಾನು ಕಾಲೇಜಿನಲ್ಲಿದ್ದೆ.

ಕಾಲೇಜಿನಲ್ಲಿ ನಾನು ಚರ್ಚಾಪಟು. ಎದುರಾಳಿಯ ಮಾತಿನಲ್ಲಿ ಅತ್ಯಂತ ದುರ್ಬಲವಾದುದನ್ನು ಹುಡುಕು, ಅಲ್ಲೇ ಹೊಡೆ, ಸಭೆ ನಗುವಂತೆ ಹೊಡೆ. ಇಷ್ಟನ್ನು ನನಗೆ ಚೆನ್ನಾಗಿ ಕಲಿಸಿದ್ದರು.

ಒಂದು ಮಧ್ಯಾಹ್ನ ಹೊಸಮನೆಯಿಂದ ಅಣ್ಣನಿಗೆ ಬುತ್ತಿ ಹಿಡಿದು ಸವಳಂಗ ರಸ್ತೆಯ ಲಾರಿ ಷೆಡ್ಡಿಗೆ ಹೋದೆ. ಮಾಲೀಕರು ಅಣ್ಣನನ್ನು ನಿಲ್ಲಿಸಿಕೊಂಡು, "ಏನಯ್ಯಾ, ನಿನ್ನ ಕಲ್ಲುದೇವ್ರು ಲಾರಿ ಹಲಗೆಯೆಲ್ಲಾ ಕೆತ್ತಿ ಹಾಕಿದಾನಲ್ಲ! ಟೈರು ಬೇರೆ ಸವೀತಾ ಇದೆ" ಎನ್ನುತ್ತಿದ್ದರು. ಸುತ್ತ ಹತ್ತು ಜನ ಇದ್ದರು. ನನಗೆ ಸಭೆ ಸಿಕ್ಕಿತು.

"ಅಲ್ಲಣ್ಣಾ, ಏಳೇ ಯಾಕೆ? ಎಂಟಿಟ್ರೆ ಗಾಳಿಗೆ ಸಿಟ್ಟು ಬರುತ್ತಾ?"

"ಮೊದಲಿಂದ ಏಳೇ ಕಣೋ."

"ವಿಭೂತಿ ಹಚ್ಚದೆ ಇಟ್ರೆ?"

"ಹಚ್ತೀವಪ್ಪ. ಅವು ಇದ್ರೆ ಲಾರಿ ಹೇಳ್ದಂಗೆ ಕೇಳುತ್ತೆ ಮಾರಾಯ."

"ಕೇಳುತ್ತಾ? ಹಾಗಾದ್ರೆ ಕಿವಿ ಎಲ್ಲಿದೆ ತೋರ್ಸು, ಅದಕ್ಕೂ ವಿಭೂತಿ ಹಚ್ಚೋಣ!"

ಷೆಡ್ಡು ನಗೆಯಿಂದ ತುಂಬಿತು. ಮಾಲೀಕರು ನನ್ನ ಬೆನ್ನು ತಟ್ಟಿ, "ಓದಿರೋ ಹುಡುಗ ಸರಿಯಾಗಿ ಕೇಳ್ದ. ನಾಳೆಯಿಂದ ಕಲ್ಲು ಗಿಲ್ಲು ಏನೂ ಬೇಡ" ಎಂದರು. ಅಣ್ಣ ಬುತ್ತಿ ಬಿಚ್ಚಿ ತಲೆ ತಗ್ಗಿಸಿ ಉಂಡ. ನಾನು ಗೆದ್ದಿದ್ದೆ.

ಮಾರನೆಯ ದಿನ ಭದ್ರಾವತಿಯಲ್ಲಿ ನನಗೊಂದು ಭಾಷಣವಿತ್ತು. ಮುಗಿಸಿ, ಇದ್ದಿಲು ಇಳಿಸಿ ಕಲ್ಲಿಲ್ಲದೆ ಖಾಲಿ ಹೊರಟಿದ್ದ ಅಣ್ಣನ ಲಾರಿಯಲ್ಲೇ ಹಿಂದಿರುಗಿದೆ. ಹಗುರ ಇದ್ದಿಲು ಹೆಚ್ಚು ಹಿಡಿಯಲೆಂದು ಲಾರಿಯ ಮೈಗೆ ಆಳೆತ್ತರದ ಬಿದಿರು ತಟ್ಟಿ ಕಟ್ಟಿರುತ್ತಿದ್ದರು. ಊರು ದಾಟುತ್ತಲೇ ಗಾಳಿ ಆ ತಟ್ಟಿಗಳಿಗೆ ಬಡಿಯತೊಡಗಿತು. ಅಣ್ಣ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನಿಧಾನಕ್ಕೆ ಹೋಗುತ್ತಿದ್ದ. ರಸ್ತೆಯ ಮರಗಳ ಸಾಲು ಮುಗಿಯುವ ಕಡೆಯೆಲ್ಲ ಇನ್ನೂ ನಿಧಾನ. ಮರದ ಮರೆ ತಪ್ಪಿದ ಕೂಡಲೇ ಗಾಳಿ ಒಮ್ಮೆಗೇ ನುಗ್ಗುತ್ತದೆ, ಎದುರಿಗೆ ಬಸ್ಸು ಬಂದು ಹೋದಾಗಲೂ ಹಾಗೇ ಎಂದ. ಒಂದು ಕಡೆ ನಿಲ್ಲಿಸಿದ.

"ಇಳಿಯೋ. ತಟ್ಟಿ ಬಿಚ್ಚಿ ಮಲಗಿಸೋಣ. ಮುಂದೆ ಬರೀ ಗದ್ದೆ ಬಯಲು."

ನಾನು ಬಿಳಿ ಪಂಚೆ ಉಟ್ಟಿದ್ದೆ. ತಟ್ಟಿಯೆಲ್ಲ ಇದ್ದಿಲ ಮಸಿ.

"ಇದೂ ಒಂದು ಶಾಸ್ತ್ರನಾ?" ಎಂದೆ.

ಅವನು ನನ್ನ ಮುಖ ನೋಡಿದ. ತಟ್ಟಿಗಳನ್ನು ಹಾಗೇ ಬಿಟ್ಟು ಗೇರು ಹಾಕಿದ. ಅದನ್ನೂ ನಾನು ನನ್ನ ಗೆಲುವಿನ ಲೆಕ್ಕಕ್ಕೇ ಸೇರಿಸಿಕೊಂಡೆ.

ಬಯಲಿನ ನಡುವೆ ಎಡಗಡೆಯ ಚಕ್ರಗಳು ನೆಲ ಬಿಟ್ಟವು. ಲಾರಿ ಅಣ್ಣನ ಮಗ್ಗುಲಿಗೆ ಮಗುಚಿಕೊಂಡಿತು. ನಾನು ಅವನ ಮೇಲೆ ಬಿದ್ದೆ, ನನಗೆ ತರಚು ಗಾಯ. ಅವನ ಬಲಗೈ ಬಾಗಿಲಿಗೂ ನೆಲಕ್ಕೂ ನಡುವೆ ಸಿಕ್ಕಿತ್ತು. ಗದ್ದೆಯಲ್ಲಿದ್ದವರು ಬಂದು ಲಾರಿ ಎತ್ತುವವರೆಗೆ ಅವನು ಕೇಳಿದ್ದು ಒಂದೇ: "ನಿಂಗೇನೂ ಆಗ್ಲಿಲ್ವಲ್ಲ?"

ಮೊಣಕೈಯಿಂದ ಕೆಳಗೆ ತೆಗೆದರು.

ಆಸ್ಪತ್ರೆಗೆ ಬಂದ ಮಾಲೀಕರು, ನಾನು ಪಕ್ಕದಲ್ಲಿ ನಿಂತಿದ್ದಂತೆಯೇ, "ನಾನೆಲ್ಲಿ ಕಲ್ಲು ಬೇಡ ಅಂದೆ? ನಿನ್ನ ತಮ್ಮನೇ ಅಲ್ವೇನಯ್ಯಾ ಅಂದಿದ್ದು" ಎಂದರು. ಆಮೇಲೆ ದೊಡ್ಡ ಮನಸ್ಸು ಮಾಡಿ ಅಣ್ಣನಿಗೆ ಷೆಡ್ಡಿನ ಗೇಟು ಕಾಯುವ ಕೆಲಸ ಕೊಟ್ಟರು. ಹೊಸ ಡ್ರೈವರು ಬಂದ. ಏಳು ಕಲ್ಲುಗಳೂ ವಾಪಸು ಬಂದವು. ಈಗ ಲಾರಿ ಷೆಡ್ಡಿಗೆ ಬಂದ ಕೂಡಲೇ ಮಾಲೀಕರೇ ನಿಂತು ಅವಕ್ಕೆ ಊದುಬತ್ತಿ ಹಚ್ಚಿಸುತ್ತಾರೆ, ದೇವರನ್ನು ಹಗುರ ಮಾಡಬಾರದು ಎಂದು ಬಂದವರಿಗೆಲ್ಲ ಉಪದೇಶ ಬೇರೆ. ದೇವರ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಆ ಮನುಷ್ಯನ ಎದುರು ವಾದಿಸಲು ಬಾಯಿ ಬರುವುದಿಲ್ಲ.

ಮುಂದಿನ ಆಷಾಢದಲ್ಲಿ ಬುತ್ತಿ ಕೊಡಲು ಹೋಗಿದ್ದೆ. ಲಾರಿಯೊಂದು ಖಾಲಿ ಬಂತು. ಅಣ್ಣ ಎಡಗೈಯಲ್ಲಿ ಗೇಟು ತಳ್ಳಿ, "ಹತ್ತಿ ನೋಡೋ, ಕಲ್ಲು ಎಡಕ್ಕೇ ಇಟ್ಟಿದಾನಾ?" ಎಂದ.

ಹತ್ತಿ ನೋಡಿದೆ. ಏಳೂ ಎಡಗಡೆಗೇ ಒತ್ತಾಗಿದ್ದವು.

"ಹೂಂ, ಎಡಕ್ಕೇ ಇವೆ. ಯಾಕಣ್ಣಾ?"

"ಬರೋವಾಗ ಪಡುವಣ ಗಾಳಿ ಎಡಗಡೆಯಿಂದ ತಾನೇ ಹೊಡೆಯೋದು? ಆ ಕಡೆ ಭಾರ ಬೇಡ್ವಾ?"

"ಅವತ್ತೇ ಇದನ್ನ ಹೇಳ್ಬಹುದಿತ್ತಲ್ಲ!"

"ನೀನು ಏಳೇ ಯಾಕೆ ಅಂತ ಕೇಳ್ದೆ. ಅದು ನಂಗೂ ಗೊತ್ತಿರ್ಲಿಲ್ಲ" ಎಂದ ಅಣ್ಣ, ಬುತ್ತಿಯ ಗಂಟನ್ನು ಬಿಚ್ಚಿಕೊಡೆಂದು ನನ್ನತ್ತ ಚಾಚಿದ.