ಮೂರನೆಯ ಉಪಯೋಗ

ಹೈಸ್ಕೂಲಿನ ಮಕ್ಕಳು ಮೇಷ್ಟರಿಗೆ ಇಡುವ ಅಡ್ಡಹೆಸರುಗಳಲ್ಲಿ ಪಾಂಡಿತ್ಯಕ್ಕಿಂತ ಪ್ರಾಣಿಶಾಸ್ತ್ರವೇ ಹೆಚ್ಚು: ಕೋಣ, ಗೂಬೆ, ಒಂಟೆ. ಆ ಲೆಕ್ಕದಲ್ಲಿ ನನಗೆ ‘ನ್ಯೂಟ್ರಾನ್ ಮಿಸ್’ ಎಂಬ ಬಿರುದು ದಕ್ಕಿದ್ದು ನನ್ನ ಪುಣ್ಯವೆಂದೇ ಹೇಳಬೇಕು. ಕಾರಣ ಕೇಳಿದಾಗ ಪವಿತ್ರ ಎಂಬ ಹುಡುಗಿ ತಲೆತಗ್ಗಿಸಿ ವಿವರಿಸಿದಳು: ನಡುವೆ ಕೂತಿರುತ್ತೀರಿ, ತೂಕ ಇದೆ, ಆವೇಶ ಇಲ್ಲ. ವಿದ್ಯುತ್ತಿನ ಆವೇಶಕ್ಕೂ ಮನುಷ್ಯರ ಆವೇಶಕ್ಕೂ ಕನ್ನಡದಲ್ಲಿ ಒಂದೇ ಪದವಾದ್ದರಿಂದ ಇದನ್ನು ಹೊಗಳಿಕೆಯೆಂದೂ ತೆಗೆದುಕೊಳ್ಳಬಹುದಿತ್ತು, ತೂಕದ ಮಾತೊಂದನ್ನು ಬಿಟ್ಟರೆ.

ನಿವೃತ್ತಿಯಾದ ಮೇಲೂ ಬಾಯಿ ಸುಮ್ಮನಿರಲಾರದೆ, ರಾಮನಗರದ ನಮ್ಮ ಮನೆಯ ಜಗುಲಿಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಸಂಜೆಹೊತ್ತು ಪರಮಾಣು ರಚನೆಯ ಅಭ್ಯಾಸ ಮಾಡಿಸುತ್ತಿದ್ದೆ. ಹೊಸ ಪಾಠವೇನಲ್ಲ, ಮಗ್ಗಿ ಒಪ್ಪಿಸಿದ ಹಾಗೆ ಒಂದೇ ವರಸೆ. ನಾನು ‘ಸೋಡಿಯಂ’ ಎಂದರೆ ಅವರು ಅದರ ಎಲೆಕ್ಟ್ರಾನುಗಳನ್ನು ಕಕ್ಷೆವಾರು ಎಣಿಸಿ ‘ಎರಡು, ಎಂಟು, ಒಂದು’ ಎನ್ನಬೇಕು. ಪವಿತ್ರ ಕೈಲಾಂಚದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪನದು ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಧಾತುವಿನ ಹೆಸರು ನನ್ನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅವಳ ಉತ್ತರ ಬಂದು ಕೂತಿರುತ್ತಿತ್ತು.

ಆ ದಿನ ಅಭ್ಯಾಸ ಸಮಸ್ಥಾನಿಗಳಿಗೆ ಬಂದಿತ್ತು. ಅಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳಿಗೆ. ಅವುಗಳ ಉಪಯೋಗ ಮೂರು. ಯುರೇನಿಯಂ ಸಮಸ್ಥಾನಿ ಅಣುಸ್ಥಾವರಕ್ಕೆ, ಅಯೋಡಿನ್ನಿನದು ಗಳಗಂಡ ರೋಗಕ್ಕೆ, ಕೋಬಾಲ್ಟಿನದು ಕ್ಯಾನ್ಸರ್ ಚಿಕಿತ್ಸೆಗೆ. ಎಲ್ಲರೂ ಒಕ್ಕೊರಲಿನಿಂದ ಒಪ್ಪಿಸಿದರು. ಪವಿತ್ರ ಮಾತ್ರ ಕೇಳಿದಳು:

“ಮಿಸ್, ಕೋಬಾಲ್ಟ್ ಕೊಟ್ರೆ ವಾಸಿ ಆಯ್ತದಾ?”

“ಚಿಕಿತ್ಸೆಯಲ್ಲಿ ಬಳಸುತ್ತಾರೆ ಅಂತ ಬರಿ, ಸಾಕು.”

“ಬಳಸ್ತಾರೆ ಅಂತ ಐತೆ. ವಾಸಿ ಆಯ್ತದೆ ಅಂತ ಇಲ್ವಲ್ಲ?”

ಪಠ್ಯಪುಸ್ತಕದ ವಾಕ್ಯಗಳು ಬಹಳ ಜಾಗರೂಕವಾದವು. ಕೈ ಹಿಡಿದು ಬಾಗಿಲವರೆಗೆ ಕರೆದೊಯ್ಯುತ್ತವೆ, ಒಳಗೇನಿದೆ ಎಂದು ಹೇಳುವುದಿಲ್ಲ. ಉಳಿದ ಮಕ್ಕಳು ಹೋದ ಮೇಲೆ ಅವಳು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು, ಅವ್ವನಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡುತ್ತಿದ್ದಾರೆ ಎಂದು. ಗಡ್ಡೆ ಕರಗುತ್ತದೆ ಎಂದಷ್ಟೇ ಅಪ್ಪ ಹೇಳಿದ್ದಾನಂತೆ. ಆದರೆ ‘ಕ್ಯಾನ್ಸರ್ ಆಸ್ಪತ್ರೆ’ ಎಂಬ ಬೋರ್ಡನ್ನು ಅವಳೇ ಓದಿಕೊಂಡಿದ್ದಳು.

“ನಂಗೆ ಗೊತ್ತು ಅಂತ ಅಪ್ಪಂಗೆ ಹೇಳ್ಬೇಡಿ ಮಿಸ್. ಅವ್ವಂಗಂತೂ ಗೊತ್ತೇ ಇಲ್ಲ.”

ಕೆಲವು ದಿನಗಳಲ್ಲೇ ಅವಳ ಅಪ್ಪ ನಂಜೇಗೌಡರು ಬಂದರು. ರೇಷ್ಮೆ ಮಾರ್ಕೆಟ್ಟಿಗೆ ಬಂದಿದ್ದವರು, ಖಾಲಿ ಚೀಲವನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೇ ನಿಂತರು. ಕೂರಿ ಎಂದರೂ ಕೂರಲಿಲ್ಲ.

“ಡಾಕ್ಟ್ರು ಮನೆಗೆ ಕರ್ಕೊಂಡೋಗಿ ಅಂದ್ಬುಟ್ರು ಮೇಡಂ. ಹುಡ್ಗಿ ಏನಾರ ಕೇಳಿದ್ರೆ ನೀವು ಆ ಕಾಯಿಲೆ ಹೆಸ್ರು ಮಾತ್ರ ಎತ್ಬೇಡಿ. ಅವ್ಳು ಇನ್ನೂ ಮಗ.”

ಆಗಲಿ ಎಂದೆ. ಮಗಳಿಗೆ ಕೊಟ್ಟ ಮಾತು ಒಂದು, ಅಪ್ಪನಿಗೆ ಕೊಟ್ಟದ್ದು ಇನ್ನೊಂದು. ಸತ್ಯ ಇಬ್ಬರ ಬಳಿಯೂ ಇತ್ತು. ಒಬ್ಬರಿಗೊಬ್ಬರು ತೋರಿಸುವ ಧೈರ್ಯ ಮಾತ್ರ ಇರಲಿಲ್ಲ. ಎರಡು ಮಾತನ್ನೂ ಕಾಪಾಡುತ್ತ ಕೂತಿದ್ದ ನಾನು ಯಾರಿಗೆ ಉಪಕಾರ ಮಾಡುತ್ತಿದ್ದೇನೆ ಎಂಬುದು ನನಗೇ ತಿಳಿಯದಾಗಿತ್ತು.

ಆಮೇಲೆ ಪವಿತ್ರ ಬರುವುದು ನಿಂತಿತು. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಭಾನುವಾರ ನಾನೇ ಕೈಲಾಂಚದ ಬಸ್ಸು ಹತ್ತಿದೆ. ಮನೆಯ ನಡುಕೋಣೆಯಲ್ಲಿ ಅವಳ ತಾಯಿ ಜಯಮ್ಮ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಹೊದ್ದ ಕಂಬಳಿಯೊಳಗೆ ಮನುಷ್ಯರಿದ್ದಾರೆಂದು ಮುಖ ನೋಡಿಯೇ ತಿಳಿಯಬೇಕು, ಅಷ್ಟು ಸಣಕಲಾಗಿದ್ದರು. ಪವಿತ್ರ ಒಲೆ ಊದುತ್ತಿದ್ದಳು. ನಂಜೇಗೌಡರು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು.

“ಓದೋದೇ ಬುಟ್ಬುಟ್ಟವ್ಳೆ ಮೇಡಂ,” ಎಂದರು ಜಯಮ್ಮ. “ನಿಮ್ಮ ಮುಂದೆ ಒಪ್ಪಿಸ್ಲಿ, ನಾನೂ ಒಸಿ ಕೇಳ್ತೀನಿ.”

ನಾನು ಕೇಳಿದೆ, ಪವಿತ್ರ ಒಪ್ಪಿಸಿದಳು. ಕಾರ್ಬನ್, ಕ್ಲೋರಿನ್, ಆರ್ಗಾನ್. ತಾಯಿ ಕಣ್ಣು ಮುಚ್ಚಿಕೊಂಡು ದೇವರನಾಮದಂತೆ ಆಲಿಸುತ್ತಿದ್ದರು. ಅವರಿಗೆ ಖುಷಿಯಾಗಿದೆಯೆಂದು ಹುಡುಗಿಗೂ ಹುರುಪು ಬಂದು, ನಾನು ಕೇಳದೆಯೇ ಮುಂದುವರಿಸಿದಳು:

“ಸಮಸ್ಥಾನಿಗಳ ಉಪಯೋಗಗಳು ಮೂರು. ಒಂದು, ಯುರೇನಿಯಂ ಸಮಸ್ಥಾನಿಯನ್ನು ಅಣುಸ್ಥಾವರದಲ್ಲಿ ಬಳಸುತ್ತಾರೆ. ಎರಡು, ಅಯೋಡಿನ್ ಸಮಸ್ಥಾನಿಯನ್ನು ಗಳಗಂಡದ ಚಿಕಿತ್ಸೆಯಲ್ಲಿ ಬಳಸುತ್ತಾರೆ.”

ಅಲ್ಲಿಗೆ ನಿಂತಳು.

“ಮೂರು ಅಂದೆ. ಇನ್ನೊಂದು?” ಜಯಮ್ಮ ಕೇಳಿದರು.

“ಮರ್ತೋಯ್ತು ಕಣವ್ವ.”

“ನೀನು ಮರೆಯೋಳಲ್ಲ. ಹೇಳು ಮಗ.”

ಸೊಪ್ಪು ಹೆಚ್ಚುವ ಸದ್ದು ನಿಂತಿತ್ತು. ಪವಿತ್ರ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ಪುಸ್ತಕದ ಕನ್ನಡದಲ್ಲೇ, ಒಂದಕ್ಷರವನ್ನೂ ನುಂಗದೆ ಹೇಳಿದಳು:

“ಕೋಬಾಲ್ಟ್ ಸಮಸ್ಥಾನಿಯನ್ನು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುತ್ತಾರೆ.”

“ಅದೇ ಕರೆಂಟಾ?”

“ಹೂಂ ಕಣವ್ವ.”

“ಅನ್ಕೊಂಡಿದ್ದೆ,” ಎಂದರು ಜಯಮ್ಮ. “ಆಸ್ಪತ್ರೇಲಿ ಪಕ್ಕದ ಮಂಚದೋಳು ಹೇಳಿದ್ಲು. ನೀವಿಬ್ರೂ ಎದೆ ಒಡ್ಕೊಂಡೀರಿ ಅಂತ ನಾನೂ ಸುಮ್ಕಿದ್ದೆ.”

ನಂಜೇಗೌಡರು ಎದ್ದು ಹೆಂಡತಿಯ ಕಾಲ ಬಳಿ ಬಂದು ಕೂತರು. ಅಷ್ಟು ದೊಡ್ಡ ಆಳು ಸದ್ದಿಲ್ಲದೆ ಅಳುವುದನ್ನು ನಾನು ನೋಡಿರಲಿಲ್ಲ. ಮಗಳು ತಾಯಿಯ ಕಂಬಳಿಯೊಳಕ್ಕೆ ಮುಖ ತೂರಿಸಿದಳು. ಅವಳ ತಲೆ ಸವರುತ್ತ ಜಯಮ್ಮ ಗಂಡನಿಗೆ ಹೇಳಿದರು:

“ಎಲ್ರಿಗೂ ಗೊತ್ತಾಯ್ತಲ್ಲ, ಇನ್ನು ಹೇಳ್ಬೋದು. ನಾನು ಹೋದ್ಮೇಲೆ ಇವಳ್ನ ಇಸ್ಕೂಲ್ ಬಿಡಿಸಿ ಒಲೆ ಮುಂದೆ ಕೂರಿಸ್ಬ್ಯಾಡಿ. ನಿಮ್ಮವ್ವ ಹಂಗೇ ಮಾಡಿ ಅಂತಾಳೆ. ಕೇಳ್ಬ್ಯಾಡಿ.”

ಗೌಡರು ತಲೆಯಾಡಿಸಿದರು. “ಬಾಯಲ್ಲೇಳಿ,” ಎಂದರು ಆಕೆ. “ಬಿಡಿಸಾಕಿಲ್ಲ,” ಎಂದರು ಇವರು.

ಪರೀಕ್ಷೆಗೆ ಮೊದಲೇ ಜಯಮ್ಮ ತೀರಿಕೊಂಡರು. ಆ ಮೂರನೆಯ ಉಪಯೋಗ ಅವರನ್ನು ಉಳಿಸಲಿಲ್ಲ. ಆದರೆ ಮಗಳು ಅದನ್ನು ಬಾಯಿಬಿಟ್ಟು ಹೇಳಿದ್ದರಿಂದ, ಹೇಳದೆ ಹೋಗಬಹುದಾಗಿದ್ದ ಮಾತನ್ನು ಹೇಳಿ ಹೋದರು. ದುಃಖವೇನೂ ಕಡಿಮೆಯಾಗಲಿಲ್ಲ. ಆದರೂ ಪವಿತ್ರ ಪರೀಕ್ಷೆ ಬರೆದಳು, ಅಂಕ ಮಾತ್ರ ಸಾಧಾರಣವಾಗಿ ಬಂತು. ಇನ್ನು ಬರುವುದಿಲ್ಲವೇನೋ ಎಂದುಕೊಂಡೆ.

ಹತ್ತನೇ ತರಗತಿ ಶುರುವಾದ ವಾರ, ಬಾಗಿಲ ಮುಂದೆ ಸ್ಕೂಟರ್ ನಿಂತಿತು. ಪವಿತ್ರ ಇಳಿದು ಸೀದಾ ಜಗುಲಿಗೆ ಬಂದು ಕೂತಳು. ಸ್ಕೂಟರಿನ ಮೇಲೇ ಕೂತಿದ್ದ ನಂಜೇಗೌಡರ ಮುಂಗೈಯಲ್ಲಿ ಗಂಜಿ ಬಿದ್ದು ಸುಟ್ಟ ಕಲೆಯಿತ್ತು.

“ಎಷ್ಟೊತ್ತಿಗೆ ಬಿಡ್ತೀರಿ ಮೇಡಂ?”

ಏಳಕ್ಕೆ ಎಂದೆ.

“ಹಂಗಾರೆ ಅನ್ನಕ್ಕಿಟ್ಟು ಬತ್ತೀನಿ,” ಎಂದು ಸ್ಕೂಟರ್ ತಿರುಗಿಸಿದರು.